ಒಪ್ಪತ್ತಿನ ಹೂವಿಗೆ ಹುಣಸೆಬೀಜದ ಗಂಜಿ

ನನ್ನ ಬೀಳ್ಕೊಡುಗೆಯ ದಿನ ಶಾಲು ಹೊದಿಸಿದ ಅಧಿಕಾರಿ ನನಗಿಂತ ಇಪ್ಪತ್ತು ವರ್ಷ ಚಿಕ್ಕವರು. ಅವರು ಮೈಕಿನ ಮುಂದೆ ನಿಂತು, "ಗಿರಿಜಮ್ಮನವರು ಸರ್ವೀಸು ಪೂರ್ತಿ ಹೂವಿಗೆ ನೀರು ಹಾಕಿಕೊಂಡು ನೆಮ್ಮದಿಯಾಗಿದ್ದವರು" ಎಂದರು. ಸಭೆ ಚಪ್ಪಾಳೆ ತಟ್ಟಿತು. ನಾನು ಶಾಲನ್ನು ನಾಲ್ಕು ಮಡಿಕೆ ಮಾಡಿ ತೊಡೆಯ ಮೇಲಿಟ್ಟುಕೊಂಡೆ. ಒಂದು ಪದವೂ ಆಚೀಚೆ ಆಗಬಾರದೆಂದು ಆ ಮಾತನ್ನು ಅಂದೇ ಡೈರಿಯಲ್ಲಿ ಬರೆದಿಟ್ಟೆ.

ಹೂವಿಗೆ ನೀರು ಹಾಕುವುದು ಮಾಲಿಗಳ ಕೆಲಸ. ಅದೇನೂ ಸಣ್ಣ ಕೆಲಸವಲ್ಲ. ಆದರೆ ಅದು ನನ್ನ ಕೆಲಸವಾಗಿರಲಿಲ್ಲ. ಚಳ್ಳಕೆರೆ ಮತ್ತು ಮೊಳಕಾಲ್ಮುರು ಸೀಮೆಯ ತೋಟಗಳಲ್ಲಿ, ಸಸಿಮಡಿಗಳಲ್ಲಿ ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ಮಾಡಿದ್ದು ಎಲೆಗಳನ್ನು ಮಗುಚಿ ಅವುಗಳ ಬೆನ್ನು ನೋಡುವ ಕೆಲಸ. ಎಲೆಯ ಮುಖ ಎಲ್ಲರಿಗೂ ಕಾಣುತ್ತದೆ. ಅದು ಬಂದುಹೋಗುವವರಿಗೆ ತೋರಿಸುವ ಮುಖ. ಹುಟ್ಟು, ಸಾವು, ಬಾಣಂತನ, ಕಳ್ಳತನ ಎಲ್ಲವೂ ನಡೆಯುವುದು ಅದರ ಬೆನ್ನಿನಲ್ಲಿ. ಅಲ್ಲಿ ಹುಳು ಇದೆಯೇ, ನುಸಿ ಇದೆಯೇ, ಇದ್ದರೆ ಯಾವುದು, ಅದಕ್ಕೆ ಏನು ಮಾಡಬೇಕು, ಏನು ಮಾಡಬಾರದು ಎಂದು ಹೇಳುವುದಕ್ಕೆ ನನಗೆ ಸಂಬಳ ಕೊಡುತ್ತಿದ್ದರು.

ಈಗ ಇದನ್ನು ಬರೆಯಲು ಒಂದು ಕಾರಣವಿದೆ. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗಿಯೊಬ್ಬಳು ಮೊನ್ನೆ ಚಳ್ಳಕೆರೆಯ ನಮ್ಮ ಮನೆಗೆ ಬಂದಿದ್ದಳು. ಮೊಬೈಲು ಮುಂದೆ ಹಿಡಿದು, "ಮೇಡಂ, ಡೇ ಲಿಲಿ ಎಲೆ ಹಿಂಗಾಗೈತೆ. ಯಾವ ಔಷಧಿ ಹೊಡೀಲಿ?" ಎಂದು ಕೇಳಿದಳು.

"ಎಲೆ ಮಗುಚಿ ನೋಡಿದೆಯೇನಮ್ಮಾ?"

"ಫೋಟೋ ಕ್ಲಿಯರಾಗಿ ಐತಲ್ಲ ಮೇಡಂ."

ಫೋಟೋ ಬಹಳ ಸ್ಪಷ್ಟವಾಗಿತ್ತು. ಆದರೆ ಅದು ಎಲೆಯ ಮುಖದ ಫೋಟೋ. ಆ ಹುಡುಗಿ ಜಾಣೆ, ವಿನಯವಂತೆ. ಅವಳ ಮೇಲೆ ನನಗೆ ಕೋಪವಿಲ್ಲ. ಅವಳಿಗೂ ಅವಳಂಥವರಿಗೂ ಹೇಳಬೇಕಾದುದನ್ನು ಕ್ರಮವಾಗಿ ಹೇಳುತ್ತೇನೆ. ನನಗೆ ಯಾವಾಗ ಬಡ್ತಿ ಬಂತು, ಯಾರ ಕೈ ಹಿಡಿದು ಯಾರು ನನ್ನನ್ನು ದಾಟಿ ಮೇಲೆ ಹೋದರು ಎಂಬುದು ಇಲ್ಲಿಲ್ಲ. ಅದೆಲ್ಲ ನೆನಪಿದೆ, ಇಲ್ಲಿಗೆ ಬೇಕಾಗಿಲ್ಲ.

ನನ್ನ ಮೊದಲ ಉಪಕರಣವನ್ನು ಕೊಟ್ಟವರು ಚಳ್ಳಕೆರೆ ಪೇಟೆಯಲ್ಲಿ ಗಡಿಯಾರ ರಿಪೇರಿ ಮಾಡುತ್ತಿದ್ದ ಒಬ್ಬ ಮುದುಕರು. ಕಚೇರಿಗೆ ಭೂತಗನ್ನಡಿ ಬೇಕೆಂದು ನಾನು ಮೂರು ಸಲ ಬರೆದುಕೊಂಡೆ. ಮೂರು ಸಲವೂ ‘ಅವಶ್ಯಕತೆ ಕಂಡುಬರುವುದಿಲ್ಲ’ ಎಂಬ ಷರಾ ಬಂತು. ಕೊನೆಗೆ ಆ ಅಂಗಡಿಗೆ ಹೋಗಿ, ಕಣ್ಣಿಗೆ ಒತ್ತಿಕೊಳ್ಳುವ ಅವರ ಗಾಜಿನಂಥದ್ದು ಎಲ್ಲಿ ಸಿಗುತ್ತದೆ ಎಂದು ವಿಚಾರಿಸಿದೆ. ಅವರು ತಮ್ಮದೇ ಹಳೆಯದೊಂದನ್ನು ಅಂಗಿಯ ತುದಿಯಿಂದ ಒರೆಸಿ ನನ್ನ ಅಂಗೈಯಲ್ಲಿಟ್ಟರು.

"ಲೇ ಜಾವ್ ಬೇಟಿ, ತಗೊಂಡ್ಹೋಗು. ಗಡಿಯಾರ ಸುಳ್ಳು ಹೇಳ್ತದೆ. ಇದು ಹೇಳಲ್ಲ."

ಆ ಗಾಜಿನೊಳಗೆ ಮೊದಲ ಸಲ ಡೇ ಲಿಲಿಯ ಎಲೆಯ ಬೆನ್ನನ್ನು ನೋಡಿದ ಬೆಳಗು ಇಂದಿಗೂ ನನ್ನ ನಿದ್ದೆಯಲ್ಲಿ ಬರುತ್ತದೆ. ಎಲೆಯ ಗೆರೆಗಳು ಉಳುಮೆಯ ಸಾಲುಗಳಂತೆ ದಿಗಂತದವರೆಗೆ ಹೋಗುತ್ತವೆ. ಸಾಲಿನ ಪಕ್ಕದಲ್ಲಿ ಇಬ್ಬನಿಯ ಕೆರೆಯೊಂದು ಹೊಳೆಯುತ್ತದೆ. ಕೆರೆಯಾಚೆ ಯಾವುದೋ ಪುಟ್ಟ ಜೀವ, ಗಾಜಿನಂಥ ಮೈಯದು, ಏನೋ ಮರೆತು ಬಂದವರಂತೆ ನಿಂತಿರುತ್ತದೆ. ಕನಸಿನಲ್ಲಿ ನಾನೂ ಅಷ್ಟೇ ಚಿಕ್ಕವಳಾಗಿ ಅದರ ಪಕ್ಕದಲ್ಲಿ ನಿಲ್ಲುತ್ತೇನೆ.

ಮೊಳಕಾಲ್ಮುರಿನ ಸಸಿತೋಟದಲ್ಲಿ ಡೇ ಲಿಲಿಯ ಆರು ಮಡಿಗಳಿದ್ದವು. ನನಗಿಂತ ಮೊದಲಿದ್ದವರು ಯಾರೋ ಎಲ್ಲಿಂದಲೋ ನಾಲ್ಕು ಗಡ್ಡೆ ತಂದು ನೆಟ್ಟಿದ್ದರಂತೆ. ನಮ್ಮ ಬಿಸಿಲಿಗೆ, ನಮ್ಮ ಉಪ್ಪು ನೀರಿಗೆ ಹೆದರದೆ ಅದು ಗುಂಪುಗುಂಪಾಗಿ ಹಬ್ಬಿತ್ತು. ಹುಲ್ಲಿನಂತೆ ಬಾಗುವ ನೀಳ ಎಲೆಗಳು, ಅವುಗಳ ನಡುವೆ ಸೊಂಟದೆತ್ತರದ ಹೂದಂಡು, ದಂಡಿನ ತುದಿಯಲ್ಲಿ ಕೈಬೆರಳಿನಂಥ ಮೊಗ್ಗುಗಳು. ಒಂದೊಂದು ಹೂವಿಗೂ ಒಂದೇ ದಿನ. ಜಟಿಂಗ ರಾಮೇಶ್ವರದ ಗುಡ್ಡದ ಕಡೆ ಬೆಳಕು ಹರಿಯುವಾಗ ಬಿರಿಯುತ್ತದೆ, ತಾಮ್ರದ ತಂಬಿಗೆ ತೊಳೆದಿಟ್ಟಂತೆ ಹೊಳೆಯುತ್ತದೆ, ಸಂಜೆಗೆ ಮುದುಡಿ ಮುಗಿಯುತ್ತದೆ. ಮರುದಿನ ಪಕ್ಕದ ಮೊಗ್ಗಿನ ಪಾಳಿ. ತೋಟದ ಮಾಲಿ ಅದಕ್ಕೆ ‘ಒಪ್ಪತ್ತಿನ ಹೂವು’ ಎಂದು ಹೆಸರಿಟ್ಟಿದ್ದರು.

ಆ ಮಾಲಿಯ ಹೆಸರು ಮೈಲಾರಪ್ಪ. ಚಳ್ಳಕೆರೆ ಕಡೆಯ ಕಂಬಳಿ ನೇಯುವ ಮನೆಯವರು, ನನಗಿಂತ ಹದಿನೈದು ವರ್ಷ ಹಿರಿಯರು. ಕಚೇರಿಯಲ್ಲಿ ಎಲ್ಲರೂ ಅವರನ್ನು ‘ಲೇ ಮೈಲಾರಿ’ ಎಂದು ಕರೆಯುತ್ತಿದ್ದರು, ಅವರ ಮಗನ ವಯಸ್ಸಿನ ಗುಮಾಸ್ತ ಕೂಡ. ನಾನು ಮೈಲಾರಪ್ಪನವರು ಎಂದೇ ಕರೆದೆ. ಇಲ್ಲಿಯೂ ಹಾಗೆಯೇ ಬರೆಯುತ್ತೇನೆ.

ನನ್ನ ಮೊದಲ ಪ್ರಮಾದಕ್ಕೆ ಅವರೇ ಸಾಕ್ಷಿ. ಸೇರಿದ ಹೊಸದರಲ್ಲಿ ಹೂದಂಡುಗಳ ತುದಿಗೆ ಹಸಿರು ಹೇನು ಮುತ್ತಿತ್ತು. ಹೇನು ಸುರಿಸುವ ಸಿಹಿ ಅಂಟಿಗೆ ಇರುವೆಗಳು ಸಾಲುಗಟ್ಟಿದ್ದವು. ಅವುಗಳ ನಡುವೆ ಮೈತುಂಬ ಮುಳ್ಳಿನ, ಕಪ್ಪು ಬಣ್ಣದ, ಅಲ್ಲಲ್ಲಿ ಕೇಸರಿ ಚುಕ್ಕೆಯ ವಿಕಾರವಾದ ಮರಿಹುಳುಗಳು ಓಡಾಡುತ್ತಿದ್ದವು. ಇವೇ ಅಪರಾಧಿಗಳೆಂದು ತೀರ್ಮಾನಿಸಿ, ಅರ್ಧ ದಿನ ಕೂತು ಒಂದೊಂದನ್ನೇ ಆರಿಸಿ ಸೀಮೆಎಣ್ಣೆಯ ಡಬ್ಬಕ್ಕೆ ಹಾಕಿದೆ. ಮೈಲಾರಪ್ಪನವರು ಬೀಡಿ ಸೇದುತ್ತಾ ನೋಡುತ್ತಿದ್ದರು. ಕೊನೆಯದನ್ನು ಹಾಕಿ ಸೊಂಟ ನೆಟ್ಟಗೆ ಮಾಡಿದಾಗ ಹೇಳಿದರು:

"ಅಮ್ಮಾರೆ, ತೋಳನ್ನ ಬಿಟ್ಟು ಮಂದೆ ಕಾಯೋ ನಾಯಿನೆಲ್ಲಾ ಹೊಡೆದಾಕಿಬಿಟ್ರಲ್ಲ."

"ಏನಂತೀರಿ?"

"ಗುಲಗಂಜಿ ಹುಳದ ಮಕ್ಕಳು ಕಣ್ರಿ ಅವು. ಹೇನು ತಿನ್ನೋದೇ ಅವುಗಳ ಕಸುಬು."

"ಮೊದಲೇ ಹೇಳಬಾರದಿತ್ತೇ?"

"ಓದಿ ಬಂದೋರು. ಇದ್ರಾಗೆ ಏನೋ ಮರ್ಮ ಐತೆ ಅಂದ್ಕಂಡೆ."

ಆ ಕೊನೆಯ ಮಾತಿನಲ್ಲಿ ವ್ಯಂಗ್ಯವಿತ್ತೋ ವಿನಯವಿತ್ತೋ ಎಂದು ಬಹಳ ವರ್ಷ ಯೋಚಿಸಿದ್ದೇನೆ. ಎರಡೂ ಸಮಪಾಲಿನಲ್ಲಿ ಇದ್ದವೆಂಬುದು ನನ್ನ ಇಂದಿನ ಅಭಿಪ್ರಾಯ. ಹೇನಿಗೆ ಔಷಧಿ ಬೇಡವೆಂದು ಕಲಿಸಿದವರೂ ಅವರೇ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಬೆಳಗಿನ ಹೊತ್ತು ನೀರನ್ನು ರಭಸವಾಗಿ ಮೊಗ್ಗಿನ ಸಂದಿಗೆ ಹಾಯಿಸಿದರೆ ಹೇನು ಉದುರುತ್ತದೆ. ಇರುವೆಯ ದಾರಿ ಕತ್ತರಿಸಿದರೆ ಉಳಿದದ್ದನ್ನು ಗುಲಗಂಜಿ ಹುಳು ನೋಡಿಕೊಳ್ಳುತ್ತದೆ.

ಎರಡನೆಯ ಪಾಠ ಥ್ರಿಪ್ಸಿನದು. ಮೊಗ್ಗು ಸೊಟ್ಟಗಾಗಿ, ಹೂವಿನ ಮೇಲೆ ಬಿಳಿಯ ಗೀರುಗಳು ಮೂಡಿದ್ದರೆ ಅದರೊಳಗೆ ದಾರದ ತುಣುಕಿನಂಥ ಥ್ರಿಪ್ಸ್ ಹುಳು ಇರುತ್ತದೆ. ಕಣ್ಣಿಗೆ ಬೀಳುವುದಿಲ್ಲ. ಬಿಳಿ ಹಾಳೆಯ ಮೇಲೆ ಹೂವನ್ನು ತಟ್ಟಿದರೆ ಉದುರಿ ನಡೆದಾಡುತ್ತದೆ. ಒಂದು ದಿನ ಬೇರೆ ಕಾಗದ ಸಿಗದೆ, ಅಂದೇ ಬಂದಿದ್ದ ಸುತ್ತೋಲೆಯೊಂದರ ಹಿಂಬದಿಯ ಮೇಲೆ ತಟ್ಟುತ್ತಿದ್ದೆ. ಆಗ ನಮ್ಮ ಅಧಿಕಾರಿ ಬಂದರು. ಅವರ ಹೆಸರು ನನಗೆ ಚೆನ್ನಾಗಿ ನೆನಪಿದೆ, ಬರೆಯುವುದಿಲ್ಲ. ಸುತ್ತೋಲೆಗೆ ಸಹಿ ಹಾಕಿದ್ದವರು ಅವರೇ.

"ಏನು ಮಾಡ್ತಿದ್ದೀರಮ್ಮಾ ನನ್ನ ಸುತ್ತೋಲೆ ಮೇಲೆ?"

"ಹುಳು ನೋಡುತ್ತಿದ್ದೇನೆ ಸರ್."

ಅವರು ಹಿಂದಿದ್ದ ನಾಲ್ವರ ಕಡೆ ತಿರುಗಿ, "ಹೇನು ನೋಡೋದನ್ನ ಹೆಂಗಸರಿಗೆ ಹೇಳಿಕೊಡಬೇಕೇನ್ರೀ?" ಎಂದರು. ನಾಲ್ವರೂ ನಕ್ಕರು. ಅವರಲ್ಲಿ ಇಬ್ಬರು ಆಮೇಲೆ ನನ್ನ ಬಳಿ ಕ್ಷಮೆ ಕೇಳಿದರು, ಇನ್ನಿಬ್ಬರು ಕೇಳಲಿಲ್ಲ. ಅಷ್ಟರಲ್ಲಿ ಒಂದು ಥ್ರಿಪ್ಸ್ ಕಾಗದದ ಅಂಚು ದಾಟಿ, ನನ್ನ ಕಡೆಗೆ ವಾಲಿದ್ದ ಮುಂಬದಿಗೆ ಬಂದು, ಅವರ ಸಹಿಯ ಮೇಲೆ ನಿಧಾನವಾಗಿ ನಡೆದುಹೋಯಿತು. ಅದನ್ನು ನಾನೊಬ್ಬಳೇ ನೋಡಿದೆ. ಅದು ಸಾಕಾಗಿತ್ತು.

ಈಗ ಮುಖ್ಯ ಸಂಗತಿಗೆ ಬರುತ್ತೇನೆ.

ಸಸಿತೋಟದ ಕಲ್ಲುಚಪ್ಪಡಿಯ ಬೇಲಿಯಾಚೆ ಓಬಕ್ಕನ ಹಿಪ್ಪುನೇರಳೆ ತೋಟ, ಅದರ ತುದಿಯಲ್ಲಿ ರೇಷ್ಮೆಹುಳು ಸಾಕುವ ಅವಳ ಉದ್ದನೆಯ ಮನೆ. ಓಬಕ್ಕ ಗಂಡನನ್ನು ಕಳೆದುಕೊಂಡವಳು. ಮನೆ, ತೋಟ, ಹುಳು ಮೂರನ್ನೂ ಒಬ್ಬಳೇ ನಡೆಸುತ್ತಿದ್ದಳು. ಆಂಧ್ರದ ಗಡಿ ಹತ್ತಿರವಾದ್ದರಿಂದ ಆ ಕಡೆಯ ಅನೇಕರಂತೆ ಅವಳಿಗೂ ಎರಡು ಭಾಷೆ. ನಮ್ಮಂಥ ಕಚೇರಿಯವರೊಡನೆ ಕನ್ನಡ. ತನ್ನವರೊಡನೆ, ದನದೊಡನೆ, ಹುಳುಗಳೊಡನೆ ತೆಲುಗು. ಆದರೂ ನನ್ನೊಡನೆ ಸಲುಗೆಯಿಂದಿದ್ದಳು. ಬೇಲಿಯ ಸಂದಿಯಿಂದ ಹಿಪ್ಪುನೇರಳೆ ಹಣ್ಣು ಕೊಡುತ್ತಿದ್ದಳು. ಹುಳುಮನೆಯ ಒಳಗೆ ಮಾತ್ರ ಹೊರಗಿನವರನ್ನು ಬಿಡುತ್ತಿರಲಿಲ್ಲ. ಸಾಕುವ ಮನೆಗಳ ಕಟ್ಟಳೆ ಅದು: ಕಂಡವರ ಕಾಲಧೂಳು, ಬೀಡಿಯ ಹೊಗೆ, ಅತ್ತರಿನ ವಾಸನೆ ಯಾವುದೂ ಹುಳುವಿಗೆ ಆಗುವುದಿಲ್ಲ.

ಒಂದು ಬೇಸಿಗೆಯಲ್ಲಿ ಲಿಲಿ ಎಲೆಗಳು ತುದಿಯಿಂದ ಹಳದಿಯಾಗತೊಡಗಿದವು. ಮುಖದ ಮೇಲೆ ಸೂಜಿಯಿಂದ ಚುಚ್ಚಿದಂಥ ಬಿಳಿ ಚುಕ್ಕೆಗಳು. ಮಗುಚಿದರೆ ಉಸಿರು ತಾಗಿದರೂ ನಡುಗುವ ತೆಳುವಾದ ಬಲೆ. ಬಲೆಯ ಮೇಲೆ ಕುಂಕುಮದ ಕಣಗಳಂತೆ ನಡೆದಾಡುವ ಕೆಂಪು ನುಸಿ. ಗಾಜಿನೊಳಗೆ ಅದು ಎಷ್ಟು ಚೆಲುವಾದ ಲೋಕವೆಂದರೆ, ಅದನ್ನು ಕೊಲ್ಲುವುದು ನನ್ನ ಕೆಲಸವೆಂಬುದು ಕ್ಷಣಕಾಲ ಮರೆತೇಹೋಗುತ್ತಿತ್ತು.

ಅಧಿಕಾರಿ ತಲೆಬುರುಡೆ ಗುರುತಿನ ಡಬ್ಬವೊಂದನ್ನು ಮೇಜಿನ ಮೇಲಿಟ್ಟು, ಹೊಡೆಸಿ ಎಂದರು. ನಾನು ಹೇಳಿದೆ: "ಇದು ಕೀಟದ ಔಷಧಿ ಸರ್. ನುಸಿ ಕೀಟವಲ್ಲ, ಜೇಡದ ಜಾತಿ. ಎಂಟು ಕಾಲು. ಇದನ್ನು ಹೊಡೆದರೆ ನುಸಿ ತಿನ್ನುವ ಹುಳುಗಳು ಸಾಯುತ್ತವೆ, ನುಸಿ ಹೆಚ್ಚುತ್ತದೆ."

"ನೀವು ಕಾಲು ಎಣಿಸ್ತಾ ಕೂತ್ಕೊಳ್ಳಿ. ನಂಗೆ ಮಡಿ ಹಸಿರಾಗಿರಬೇಕು."

ನಾನು ಹೊಡೆಸಿದೆ. ಇದನ್ನು ಸ್ಪಷ್ಟವಾಗಿ ಬರೆಯುತ್ತೇನೆ: ಆದೇಶ ಅವರದು, ಕೈ ನನ್ನದು. ಬೆಳಗ್ಗೆ ಮಣ್ಣು ತೂರಿ ಗಾಳಿ ನೋಡಿದೆ, ನೆಟ್ಟಗೆ ಕೆಳಗೆ ಬಿತ್ತು. ಆದರೆ ಐದನೆಯ ಮಡಿಗೆ ಬರುವಷ್ಟರಲ್ಲಿ ಗುಡ್ಡದ ಕಡೆಯಿಂದ ಗಾಳಿ ತಿರುಗಿತು. ಬಿಳಿಯ ತುಂತುರು ಬೇಲಿ ದಾಟಿ ಹಿಪ್ಪುನೇರಳೆಯ ಮೇಲೆ ಇಳಿಯುವುದು ಕಂಡಿತು. ನಿಲ್ಲಿಸಿದೆ. ಆದರೆ ಬೇಲಿಯ ಬಳಿ ಹೋಗಿ, ‘ಓಬಕ್ಕ, ಈ ಸಾಲಿನ ಸೊಪ್ಪು ಕೊಯ್ಯಬೇಡ’ ಎಂಬ ಐದು ಮಾತನ್ನು ಹೇಳಲಿಲ್ಲ. ಅಷ್ಟು ದೂರ ಹೋಗಿರಲಾರದೆಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ದಿನ ಓಬಕ್ಕ ಮೊರದಲ್ಲಿ ಹುಳುಗಳನ್ನು ಹಾಕಿಕೊಂಡು ಕಚೇರಿಗೆ ಬಂದಳು. ಕೊನೆಯ ಸಲ ಪೊರೆ ಬಿಡುವ ನಾಲ್ಕನೆಯ ಜ್ವರ ಕಳೆದು ಎದ್ದಿದ್ದ, ಇನ್ನು ವಾರದಲ್ಲಿ ಗೂಡು ಕಟ್ಟಬೇಕಿದ್ದ ಹುಳುಗಳು. ತಲೆ ಎತ್ತಿ ಅತ್ತಿತ್ತ ತೂಗುತ್ತಾ, ಬಾಯಿಂದ ಹಸಿರು ನೀರು ಕಾರುತ್ತಾ, ಮೈ ಕುಗ್ಗಿಸಿಕೊಳ್ಳುತ್ತಿದ್ದವು. ಅಧಿಕಾರಿ ಮೊರದೊಳಗೆ ಬಗ್ಗಿಯೂ ನೋಡಲಿಲ್ಲ.

"ಏನೋ ರೋಗ ಬಂದಿದೆ. ಮನೆ ಚೊಕ್ಕಟವಾಗಿ ಇಟ್ಕೋಬೇಕಮ್ಮಾ."

ಓಬಕ್ಕ ಅವರನ್ನು ನೋಡಲೇ ಇಲ್ಲ. ನನ್ನನ್ನು ನೋಡಿದಳು.

"ನೀನ್ ಹೇಳಮ್ಮಾ. ಕಣ್ಣಿಗೆ ಗಾಜು ಇಟ್ಕಂಡು ನೋಡಾಕಿ ನೀನು. ರೋಗನಾ ಇದು?"

ನಾನು ಗೋಡೆಯ ಮೇಲಿದ್ದ ಕ್ಯಾಲೆಂಡರು ನೋಡುತ್ತಾ ನಿಂತೆ. ಇತರರು ನನಗೆ ಮಾಡಿದ ಅವಮಾನಗಳ ಪಟ್ಟಿ ನನ್ನಲ್ಲಿ ಉದ್ದವಾಗಿದೆ, ಒಪ್ಪುತ್ತೇನೆ. ನಾನು ಮತ್ತೊಬ್ಬರಿಗೆ ಮಾಡಿದ್ದು ಆ ಪಟ್ಟಿಯ ಎಲ್ಲಕ್ಕಿಂತ ಭಾರವಾದದ್ದು. ಅದನ್ನು ಪಟ್ಟಿಯ ಮೊದಲಲ್ಲೇ ಬರೆದುಕೊಂಡಿದ್ದೇನೆ.

ಓಬಕ್ಕ ಮೊರವನ್ನು ಎತ್ತಿಕೊಂಡು ಹೋದಳು. ಸಂಜೆ ಅವಳ ಬಾಗಿಲಿಗೆ ಹೋದೆ. ಹೊಸ್ತಿಲ ಒಳಗಿನಿಂದಲೇ, "ಅಲ್ಲೇ ನಿಲ್ಲಮ್ಮಾ. ನಿನ್ನ ಸೀರೆಯ ವಾಸನೆ ನನ್ನ ಹುಳಕ್ಕೆ ಆಗಾಕಿಲ್ಲ" ಎಂದಳು. ಸಿಟ್ಟಿನ ದನಿಯಲ್ಲ, ಕಟ್ಟಳೆ ಹೇಳುವ ದನಿ.

"ತಪ್ಪು ನನ್ನದು ಓಬಕ್ಕ. ನಾನಿರೋವರೆಗೆ ಇನ್ನೊಮ್ಮೆ ಹಿಂಗಾಗಲ್ಲ."

"ಮಾತು ಕಚೇರಿನಾಗೆ ಆಡಬೇಕಿತ್ತು" ಎಂದು ಬಾಗಿಲು ಹಾಕಿಕೊಂಡಳು. ಆಮೇಲೆ ಒಂದು ವರ್ಷ ಬೇಲಿಯ ಸಂದಿಯಿಂದ ನೇರಳೆ ಹಣ್ಣು ಬರಲಿಲ್ಲ. ಇತ್ತ ಮಡಿಗಳಲ್ಲಿ, ನಾನು ಹೇಳಿದ್ದಂತೆಯೇ, ಹದಿನೈದು ದಿನದೊಳಗೆ ನುಸಿ ಮೊದಲಿಗಿಂತ ದಟ್ಟವಾಗಿ ಬಂತು. ಸರಿಯಾಗಿ ಹೇಳಿದ್ದೆನೆಂಬ ಸಮಾಧಾನ ಅಂದು ಯಾವ ಉಪಯೋಗಕ್ಕೂ ಬರಲಿಲ್ಲ.

ಮರುವರ್ಷ ಬೇಸಿಗೆಯಲ್ಲಿ ಮತ್ತೆ ಚುಕ್ಕೆಗಳು ಕಂಡವು. ಅದೇ ವಾರ ಸುದ್ದಿ ಬಂತು: ಮೇಲಿನ ಸಾಹೇಬರೊಬ್ಬರು ಬುಧವಾರ ತೋಟ ನೋಡಲು ಬರುತ್ತಾರೆ. ಅಧಿಕಾರಿ ಅದೇ ಗುರುತಿನ ಡಬ್ಬವನ್ನು ಮತ್ತೆ ಮೇಜಿನ ಮೇಲಿಟ್ಟರು. ಓಬಕ್ಕನ ಮನೆಯಲ್ಲಿ ಹುಳುಗಳು ಮತ್ತೆ ನಾಲ್ಕನೆಯ ಜ್ವರದಲ್ಲಿದ್ದವು.

"ನುಸಿ ಹೋಗಲಾಡಿಸುತ್ತೇನೆ ಸರ್. ಡಬ್ಬ ಮುಟ್ಟುವುದಿಲ್ಲ" ಎಂದೆ.

"ಬುಧವಾರ ಹೂವು ಕಾಣದಿದ್ದರೆ ನಿಮ್ಮ ಸೇವಾ ಪುಸ್ತಕದಲ್ಲಿ ಬರೀತೀನಿ."

"ಬರೆಯಿರಿ."

ಹೇಳಿ ಬಂದೆ, ಆದರೆ ಏನು ಮಾಡಬೇಕೆಂದು ಗೊತ್ತಿರಲಿಲ್ಲ. ಬರೀ ನೀರು ಹಾಯಿಸಿದರೆ ಬಲೆಯ ಮರೆಯಲ್ಲಿ ಅರ್ಧ ನುಸಿ ಉಳಿಯುತ್ತಿತ್ತು. ಬೇವಿನೆಣ್ಣೆಯ ಹನಿ ಕೂಡ ಹಿಪ್ಪುನೇರಳೆಯ ಮೇಲೆ ಬೀಳುವುದು ನನಗೆ ಬೇಡವಾಗಿತ್ತು. ಆ ಭಾನುವಾರ ಮೈಲಾರಪ್ಪನವರ ಮನೆಯಲ್ಲಿ ಮೊಮ್ಮಗಳ ನಾಮಕರಣ, ಊಟಕ್ಕೆ ಹೋಗಿದ್ದೆ. ಅಂಗಳದಲ್ಲಿ ಹೊಸ ಕರಿ ಕಂಬಳಿಯೊಂದನ್ನು ಬಿಸಿಲಿಗೆ ಎಳೆದು ಕಟ್ಟಿದ್ದರು. ನೇಯ್ದ ಕಂಬಳಿಗೆ ಬಿಗಿ ಬರಲೆಂದು ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ಕುಟ್ಟಿ, ಬೇಯಿಸಿದ ಗಂಜಿಯನ್ನು ಬಳಿಯುತ್ತಾರೆ. ಉಂಡು ಕೈತೊಳೆದು ಆ ಕಂಬಳಿಯ ಪಕ್ಕ ಕೂತಿದ್ದೆ. ವರವು ಕಾವಲಿನ ಹುಲ್ಲುಗಾವಲಿನಿಂದ ಒಣಹುಲ್ಲಿನ ವಾಸನೆ ಹೊತ್ತ ಗಾಳಿ ಬೀಸುತ್ತಿತ್ತು, ನನಗೆ ಅರೆನಿದ್ದೆ. ಕಂಬಳಿಯ ಅಂಚಿಗೆ ಚೆಲ್ಲಿದ್ದ ಗಂಜಿ ಬಿಸಿಲಿಗೆ ಒಣಗಿ, ತೆಳುವಾದ ಹಕ್ಕಳೆಯಾಗಿ ತಾನೇ ಎದ್ದು ಗಾಳಿಗೆ ಉದುರಿತು. ಒಂದು ಹಕ್ಕಳೆ ನನ್ನ ಸೆರಗಿನ ಮೇಲೆ ಬಿತ್ತು. ಅದರಲ್ಲಿ ಒಂದು ಪುಟ್ಟ ಇರುವೆ, ಗಾಜಿನೊಳಗೆ ಇಟ್ಟಂತೆ, ಅಂಟಿಕೊಂಡಿತ್ತು.

ನಿದ್ದೆ ಹಾರಿಹೋಯಿತು.

"ಮೈಲಾರಪ್ಪನವರೇ, ಈ ಗಂಜಿಯನ್ನ ಮಜ್ಜಿಗೆಯಷ್ಟು ತೆಳು ಮಾಡೋಕಾಗುತ್ತಾ?"

"ಯಾಕ್ರಿ, ಹೊಟ್ಟೆ ಸರಿ ಇಲ್ವಾ?"

"ನನಗಲ್ಲ. ನುಸಿಗೆ."

ಅವರು ಕಂಬಳಿಯನ್ನೂ ನನ್ನನ್ನೂ ಒಂದೆರಡು ಸಲ ನೋಡಿದರು. ಆಮೇಲೆ ಒಳಗೆ ಕೂಗಿದರು: "ಲೇ ಇವಳೇ, ಬೀಜ ಎಷ್ಟು ಐತೆ ನೋಡೇ. ಹೂವಿಗೆ ಗಂಜಿ ಕುಡಿಸ್ಬೇಕಂತೆ!"

ಸೋಮವಾರ ಮೊದಲ ಮಡಿಗೆ ನಾನೇ ಹೊಡೆದೆ. ಎರಡು ಸಲ ಪಂಪಿನ ಮೂತಿ ಕಟ್ಟಿತು. ಹಳೆಯ ಪಂಚೆಯಲ್ಲಿ ಸೋಸಿದ ಮೇಲೆ ಸರಿಹೋಯಿತು. ಎಲೆಯ ಬೆನ್ನಿಗೆ ಮಂಜಿನಂತೆ ಕೂತ ಗಂಜಿ ಮಧ್ಯಾಹ್ನದ ಬಿಸಿಲಿಗೆ ಒಣಗಿ ಹಕ್ಕಳೆಯಾಯಿತು. ಹಕ್ಕಳೆಯೊಂದಿಗೆ ಬಲೆಯೂ ನುಸಿಯೂ ಉದುರಿದವು. ಗಾಜಿನಲ್ಲಿ ನೋಡಿದೆ: ಕುಂಕುಮದ ಕಣಗಳು ಚಲಿಸುತ್ತಿರಲಿಲ್ಲ. ಗಾಳಿ ತಿರುಗಿತು, ತುಂತುರು ಬೇಲಿ ದಾಟಿತು. ದಾಟಲಿ, ಹುಣಸೆಬೀಜವಷ್ಟೇ ಎನ್ನುವುದು ಗೊತ್ತಿತ್ತು. ಆದರೂ ಆ ಸಲ ಬೇಲಿಯ ಬಳಿ ಹೋಗಿ ಕೂಗಿ ಹೇಳಿದೆ. "ಓಬಕ್ಕ, ಗಂಜಿ ಹೊಡೀತಿದೀನಿ, ವಿಷ ಅಲ್ಲ. ಆದ್ರೂ ಈ ಸಾಲಿನ ಸೊಪ್ಪನ್ನ ಎರಡು ದಿನ ಕೊಯ್ಬೇಡ." ಹಿಪ್ಪುನೇರಳೆಯ ಮರೆಯಲ್ಲಿ ಅವಳ ಕುಡುಗೋಲಿನ ಸದ್ದು ನಿಂತಿತು.

ಮಂಗಳವಾರ ಉಳಿದ ಐದು ಮಡಿಗಳ ಸರದಿ. ಆ ದಿನವೇ ಬೆಳಗ್ಗೆ ಯಾವುದೋ ಪಟ್ಟಿಗೆ ಸಹಿ ಹಾಕಬೇಕೆಂದು ನನ್ನನ್ನು ಕಚೇರಿಗೆ ಕರೆಸಿದರು. "ಪೂರ್ತಿ ಹೊಡೆದುಬಿಡಿ ಮೈಲಾರಪ್ಪನವರೇ" ಎಂದು ಹೇಳಿ ಹೋದೆ. ಎಲೆಯ ಬೆನ್ನಿಗೆ ಮಾತ್ರ ಎಂದು ಸೇರಿಸಲಿಲ್ಲ. ನಿನ್ನೆ ನೋಡಿದ್ದಾರಲ್ಲ ಎಂದುಕೊಂಡೆ. ಕಿರಿಯರೇ, ಇದನ್ನು ಗುರುತು ಹಾಕಿಕೊಳ್ಳಿ: ನೋಡಿದ್ದಾರಲ್ಲ ಎಂದುಕೊಳ್ಳುವುದೇ ಈ ವೃತ್ತಿಯ ಅರ್ಧ ಪ್ರಮಾದಗಳ ತಾಯಿ.

ಮಧ್ಯಾಹ್ನ ಹಿಂದಿರುಗಿದಾಗ ಮೈಲಾರಪ್ಪನವರು ಮಡಿಗಳ ನಡುವೆ ಬಹಳ ಅಭಿಮಾನದಿಂದ ನಿಂತಿದ್ದರು. ಮಜ್ಜಿಗೆಯ ಹದದ ಗಂಜಿ ಅವರ ಕೈಗೆ ನೀರಾಗಿ ಕಂಡಿತ್ತಂತೆ. ಕಂಬಳಿಯ ಹದಕ್ಕೆ ಕಾಯಿಸಿ, ಪಂಪನ್ನು ಬದಿಗಿಟ್ಟು, ಮನೆಯಿಂದ ತಂದ ಕುಂಚದಿಂದ ಪ್ರತಿಯೊಂದು ಎಲೆ, ದಂಡು, ಮೊಗ್ಗು, ಕಣ್ಣಿಗೆ ಬಿದ್ದ ಒಂದನ್ನೂ ಬಿಡದೆ ಬಳಿದಿದ್ದರು. ಮರುದಿನ ಬಿರಿಯಬೇಕಿದ್ದ ಮೊಗ್ಗುಗಳು ಅರಗು ಸುರಿದಂತೆ ಹೊಳೆಯುತ್ತಿದ್ದವು.

"ಮೊಗ್ಗಿಗೆ ಯಾಕೆ ಬಳಿದಿರಿ?" ಎಂದೆ.

"ಅಂಚು ಬಿಟ್ಟು ಕಂಬಳಿಗೆ ಗಂಜಿ ಹಾಕ್ತಾರೇನ್ರಿ ಅಮ್ಮಾರೆ?"

ಒದ್ದೆ ಬಟ್ಟೆಯಲ್ಲಿ ಒರೆಸಿದೆವು, ನೀರು ಹಾಯಿಸಿದೆವು. ತೆಳು ಗಂಜಿ ಹಕ್ಕಳೆಯಾಗಿ ಏಳುತ್ತದೆ, ಕಂಬಳಿಯ ಹದದ್ದು ಒಮ್ಮೆ ಒಣಗಿದರೆ ಬೆರಳು ಕಿತ್ತರೂ ಬಿಡುವುದಿಲ್ಲ. ಅಜ್ಜ ಹೊದ್ದ ಕಂಬಳಿಯನ್ನು ಮೊಮ್ಮಗ ಹೊದೆಯುವುದು ಆ ಬಲದಿಂದಲೇ.

ಬುಧವಾರ ಸಾಹೇಬರು ಬಂದರು. ಎಲೆಗಳು ಹಸಿರಾಗಿದ್ದವು, ನುಸಿ ಇರಲಿಲ್ಲ. ಮೊದಲ ಮಡಿಯಲ್ಲಿ ಎರಡೋ ಮೂರೋ ಹೂವು. ಉಳಿದ ಐದು ಮಡಿಗಳಲ್ಲಿ ಮೊಗ್ಗುಗಳು ಕೈಮುಗಿದು ನಿಂತಂತೆ ನಿಂತಿದ್ದವು. ಒಂದೇ ಹಗಲಿನ ಬದುಕು, ಆ ಹಗಲು ಹೊರಗೆ ನಡೆದುಹೋಗುತ್ತಿತ್ತು. ಸಾಹೇಬರು ಒಂದು ಮೊಗ್ಗನ್ನು ಬೆರಳಿನಿಂದ ತಟ್ಟಿದರು. ಟಕ್ ಎಂದಿತು.

"ಏನ್ರೀ ಇದು, ಗಂಜಿ ಹಾಕಿ ಇಸ್ತ್ರಿ ಮಾಡಿಸಿದ್ದೀರಾ?"

ಅವರು ತಮಾಷೆಗೆ ಅಂದದ್ದು ಅಕ್ಷರಶಃ ನಿಜವೆಂದು ಹೇಳುವ ಧೈರ್ಯ ಯಾರಿಗೂ ಇರಲಿಲ್ಲ. ನಾನು ಮುಂದೆ ಬಂದು ಹೇಳಿದೆ. ನುಸಿಯ ವಿಷಯ, ಹೋದ ವರ್ಷ ನಾನು ಹೊಡೆಸಿದ ವಿಷದಿಂದ ಪಕ್ಕದ ಮನೆಯ ಹುಳುಗಳು ಸತ್ತ ವಿಷಯ, ಅದು ರೋಗವಲ್ಲವೆಂಬ ವಿಷಯ, ಗಂಜಿಯ ವಿಷಯ ಎಲ್ಲವನ್ನೂ ಕ್ರಮವಾಗಿ, ಎಲ್ಲರ ಎದುರಿಗೆ, ಬೇಲಿಯಾಚೆಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದೆ. ಮೈಲಾರಪ್ಪನವರ ಕುಂಚದ ವಿಷಯವನ್ನು ಮಾತ್ರ ಬಿಟ್ಟೆ; ಮೊಗ್ಗಿಗೆ ಬಳಿದ ತಪ್ಪು ನನ್ನದೇ ಎಂದೆ. ಸಾಹೇಬರು ಕೊನೆಯವರೆಗೆ ಕೇಳಿಸಿಕೊಂಡು ಜೀಪು ಹತ್ತಿದರು. ನಮ್ಮ ಅಧಿಕಾರಿಯ ಕಿವಿಗಳು ಕೆಂಪಾಗಿದ್ದವು.

ಸೇವಾ ಪುಸ್ತಕದಲ್ಲಿ ಅವರು ಬರೆದ ಸಾಲು ಹೀಗಿದೆ: ‘ಸಂದರ್ಶನದ ದಿನ ಹೂವು ಅರಳಿಸಲು ವಿಫಲರಾಗಿರುತ್ತಾರೆ.’

ಗಂಜಿ ಹೊಡೆಯುವ ಕ್ರಮದಲ್ಲಿ ನಾನು ಆಮೇಲೆ ಬದಲಾವಣೆಗಳನ್ನು ಮಾಡಿಕೊಂಡೆ. ಗಂಜಿ ತೆಳುವಾಗಿರಲಿ, ಸೋಸಿರಲಿ. ಎಲೆಯ ಬೆನ್ನಿಗೆ ಮಾತ್ರ, ಅದೂ ಬೆಳಗ್ಗೆ. ಮರುದಿನ ನೀರಿನಿಂದ ತೊಳೆಯಿರಿ. ಮೊಟ್ಟೆಗಳು ಇದಕ್ಕೆ ಸಾಯುವುದಿಲ್ಲ. ಆದ್ದರಿಂದ ಐದಾರು ದಿನ ಬಿಟ್ಟು ಮತ್ತೊಮ್ಮೆ. ಸತ್ತ ಹಳೆಯ ಎಲೆಗಳನ್ನು ಬುಡದಿಂದ ಕಿತ್ತು ದೂರ ಹಾಕಿ. ಬೇಸಿಗೆಯಲ್ಲಿ ಬುಡ ಒಣಗಲು ಬಿಡಬೇಡಿ, ಧೂಳು ಮತ್ತು ಬಾಯಾರಿಕೆ ಇದ್ದಲ್ಲಿಗೆ ನುಸಿ ಮೊದಲು ಬರುತ್ತದೆ. ಈಗ ನುಸಿಯನ್ನು ತಿನ್ನುವ ನುಸಿಗಳನ್ನೇ ತಂದು ಬಿಡುತ್ತಾರಂತೆ, ಒಳ್ಳೆಯದು. ಏನು ಬಿಡುವ ಮೊದಲೂ, ಏನು ಹೊಡೆಯುವ ಮೊದಲೂ, ಬೇಲಿಯಾಚೆ ಯಾರ ಸೊಪ್ಪು ಇದೆ ಎಂದು ನೋಡಿ, ಅವರನ್ನು ಕೂಗಿ.

ಗುರುವಾರದ ಬೆಳಗನ್ನು ಹೇಳದೆ ಇದನ್ನು ಮುಗಿಸಲಾರೆ. ಮಂಗಳವಾರ ಇನ್ನೂ ಎಲೆಗಳ ಸಂದಿಯಲ್ಲಿ ಹುದುಗಿದ್ದು ಕುಂಚಕ್ಕೆ ಸಿಗದೆ ಉಳಿದಿದ್ದ ಗಿಡ್ಡ ದಂಡುಗಳ ಮೊಗ್ಗುಗಳು ಅಂದು ಬಿರಿದವು. ಆರೂ ಮಡಿಗಳಲ್ಲಿ ಸೊಂಟದೆತ್ತರಕ್ಕಿಂತ ಕೆಳಗೆ, ಹಸಿರಿನೊಳಗೇ, ತಾಮ್ರದ ದೀಪಗಳು. ನೋಡಲು ಜೀಪಿನವರು ಯಾರೂ ಇರಲಿಲ್ಲ. ಮೈಲಾರಪ್ಪನವರು ತಲೆಯ ಮೇಲಿನ ಟವೆಲು ತೆಗೆದು ಭುಜಕ್ಕೆ ಹಾಕಿಕೊಂಡರು. ನಾನು ಗಾಜನ್ನು ಚೀಲದಿಂದ ತೆಗೆಯಲೂ ಇಲ್ಲ. ಬಿಸಿಲು ಏರುವವರೆಗೆ ಇಬ್ಬರೂ ಹಾಗೆಯೇ ನಿಂತಿದ್ದೆವು.

ಆಗ ಬೇಲಿಯ ಬಳಿ ಓಬಕ್ಕ ಕಾಣಿಸಿಕೊಂಡಳು. ಹೂವುಗಳ ಕಡೆ ನೋಡಲಿಲ್ಲ. ನನಗೆ ಬಾ ಎಂದು ಕೈಮಾಡಿದಳು. ನಾನು ಸುತ್ತಿ ಹೋಗಿ, ರೂಢಿಯಂತೆ ಹೊಸ್ತಿಲಿಂದ ಮೂರು ಅಡಿ ದೂರದಲ್ಲಿ ನಿಂತೆ. ಅವಳು ಚೊಂಬಿನ ನೀರನ್ನು ನನ್ನ ಕಾಲಿಗೆ ಹಾಕಿದಳು, ಕೈಗೆ ಹಾಕಿದಳು. ಆಮೇಲೆ ಬಗ್ಗಿ ನನ್ನ ಸೆರಗನ್ನು ಮೂಗಿನ ಹತ್ತಿರ ತಂದು ಮೂಸಿದಳು. ಹುಣಸೆಬೀಜದ ಗಂಜಿಯ ವಾಸನೆ ಇನ್ನೂ ಇದ್ದಿರಬೇಕು. ಅವಳ ಮುಖ ಸಡಿಲವಾಯಿತು. ಒಂದು ವರ್ಷದಿಂದ ನನ್ನೊಡನೆ ಅಳೆದು ಕನ್ನಡವಾಡುತ್ತಿದ್ದವಳು, ತನ್ನವರಿಗೆ ಹೇಳುವಂತೆ ಹೇಳಿದಳು:

"ಲೋಪಲಿಕಿ ರಾ, ಅಮ್ಮಾ."

ಒಳಗೆ ಹೋದೆ. ತಟ್ಟೆಗಳ ಮೇಲೆ ತಟ್ಟೆ, ಅರೆಗತ್ತಲು, ಸೊಪ್ಪಿನ ತಂಪು. ಜ್ವರ ಕಳೆದು ಎದ್ದ ಸಾವಿರ ಹುಳುಗಳು ಒಟ್ಟಿಗೆ ಮೇಯುತ್ತಿದ್ದವು. ಆ ಸದ್ದನ್ನು ಹೇಗೆ ಹೇಳಲಿ? ಗಂಜಿ ಹಾಕಿದ ಸೀರೆಯನ್ನು ದೂರದ ಕೋಣೆಯಲ್ಲಿ ಯಾರೋ, ಯಾವ ಅವಸರವೂ ಇಲ್ಲದೆ, ಮಡಿಸುತ್ತಲೇ ಇರುವಂತಿತ್ತು. ಓಬಕ್ಕ ನನ್ನ ಪಕ್ಕದಲ್ಲಿ ಕೂತು, ಸೆರಗಿನಿಂದ ಬಿಚ್ಚಿ ಒಂದು ಹಿಡಿ ನೇರಳೆ ಹಣ್ಣನ್ನು ನನ್ನ ಅಂಗೈಗೆ ಸುರಿದಳು.

ನನ್ನ ಸೇವೆಯಲ್ಲಿ ನನ್ನ ವಿರುದ್ಧ ಬರೆದ ಪ್ರತಿಯೊಂದು ಷರಾಕ್ಕೂ ನಾನು ಲಿಖಿತ ಉತ್ತರ ಕೊಟ್ಟಿದ್ದೇನೆ, ದಾಖಲೆಗಳನ್ನು ಲಗತ್ತಿಸಿ, ಸ್ವೀಕೃತಿ ಪಡೆದು. ಎಲ್ಲದರ ಪ್ರತಿಗಳೂ ನನ್ನ ಟ್ರಂಕಿನಲ್ಲಿವೆ. ಹೂವು ಅರಳಿಸಲು ವಿಫಲಳೆಂಬ ಆ ಒಂದು ಸಾಲಿಗೆ ಮಾತ್ರ ಉತ್ತರ ಬರೆದಿಲ್ಲ. ಅದು ಇರಲಿ ಎಂದು ಹಾಗೆಯೇ ಬಿಟ್ಟಿದ್ದೇನೆ.